ಹಳೆಯ ಟರ್ಬೊ ಗಾಡಿ ಕೊಳ್ಳುವ ಮುಂಚೆ: ಕಲಬುರಗಿ ಬಿಸಿಲು, ಧೂಳಿನ ಲೆಕ್ಕದಲ್ಲಿ ನಾನು ನೋಡುವ ಕ್ರಮ

ಓಡಿಸಿ ನೋಡುವುದು ಕೊನೆಯ ಕೆಲಸ. ಟರ್ಬೊ ಎಂದರೆ ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ರೆಕ್ಕೆಯ ಯಂತ್ರ; ಅದಿರುವ ಸ್ಕೋಡಾದ ಆಕ್ಟೇವಿಯಾ ಆರ್‌ಎಸ್ ಇರಲಿ, ಲಾರಾ ವಿಆರ್‌ಎಸ್ ಇರಲಿ, ಫೋಕ್ಸ್‌ವ್ಯಾಗನ್‌ನ ಪೋಲೋ ಜಿಟಿ ಟಿಎಸ್‌ಐ ಅಥವಾ ಫಿಯಟ್‌ನ ಅಬಾರ್ತ್ ಪುಂಟೊ ಇರಲಿ, ಮೂರನೇ ಗೇರಿನಲ್ಲಿ ಒಮ್ಮೆ ಪೂರ್ತಿ ಒತ್ತಿದರೆ ಮನಸ್ಸು ಸೋತುಬಿಡುತ್ತದೆ. ಆಮೇಲೆ ಎಣ್ಣೆಯ ಸೋರಿಕೆಯೂ ಸಣ್ಣದಾಗಿ ಕಾಣುತ್ತದೆ, ಮಾಲೀಕರ ಪ್ರತಿ ಮಾತೂ ಸರಿ ಅನಿಸುತ್ತದೆ. ಅದಕ್ಕೇ ನಿಂತ ಗಾಡಿಯನ್ನು ಪೂರ್ತಿ ನೋಡಿ, ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಓದಿ, ಆಮೇಲಷ್ಟೇ ಕೀಲಿ ಕೇಳುತ್ತೇನೆ.

ನಮ್ಮ ಕಡೆ ಕೆಎ-32, ಕೆಎ-33, ಕೆಎ-38 (ಕಲಬುರಗಿ, ಯಾದಗಿರಿ, ಬೀದರ್) ನಂಬರಿನ ಇಂಥ ಗಾಡಿ ಮಾರಾಟಕ್ಕೆ ಬರುವುದೇ ಅಪರೂಪ. ಬಂದದ್ದರಲ್ಲಿ ಹೆಚ್ಚಿನವು ಹೈದರಾಬಾದ್, ಸೋಲಾಪುರ, ಪುಣೆ ಕಡೆಯವು. 2017ರ ಆಕ್ಟೇವಿಯಾ ಆರ್‌ಎಸ್ ಮೊದಲಿಗೆ ಇಡೀ ದೇಶಕ್ಕೆ ಬಂದದ್ದೇ 500, 2020ರ ಆರ್‌ಎಸ್ 245 ಬಂದದ್ದು 200. ಸಂಖ್ಯೆ ಇಷ್ಟು ಕಡಿಮೆ ಇರುವುದರಿಂದ ‘ನಾಳೆ ಇನ್ನೊಬ್ಬರು ಬರ್ತಾರ, ಇವತ್ತೇ ಟೋಕನ್ ಕೊಡ್ರಿ’ ಎಂಬ ಒತ್ತಡ ಬಂದೇ ಬರುತ್ತದೆ. ಆ ಒತ್ತಡಕ್ಕೆ ಮಣಿದು ರೊಕ್ಕ ಕೊಡಬೇಡಿ. ಡಿಎಸ್‌ಜಿ (ಎರಡು ಕ್ಲಚ್ಚಿನ, ತಾನೇ ಗೇರ್ ಬದಲಿಸುವ) ಗೇರ್‌ಬಾಕ್ಸ್ ಬಿಚ್ಚಿ ಕಟ್ಟಬಲ್ಲ ಕೈಗಳು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇವೆ. ಇಲ್ಲಿ ಕೆಟ್ಟರೆ ಮೊದಲ ಖರ್ಚೇ ಫ್ಲ್ಯಾಟ್‌ಬೆಡ್ ಲಾರಿಯದು.

ಗಾಡಿ ನೋಡಲು ಹೊರಡುವ ಮೊದಲು ಫೋನಿನಲ್ಲೇ ಮೂರು ದಾಖಲೆ ತರಿಸಿಕೊಳ್ಳುತ್ತೇನೆ: ಆರ್‌ಸಿಯ ಎರಡೂ ಬದಿ, ಈಗಿನ ವಿಮೆ ಪಾಲಿಸಿ, ಕಂಪನಿ ಸರ್ವೀಸ್ ಸೆಂಟರಿನ ಇತಿಹಾಸದ ಪ್ರಿಂಟ್. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಇಲ್ಲದೆ ಮುಂದೆ ಮಾತಿಲ್ಲ. ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಒಮ್ಮೆಲೇ ಸೊನ್ನೆಗೆ ಇಳಿದಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರಬಹುದು. ಯಾವುದಕ್ಕೆ ಎಂದು ಕೇಳಿ, ಬಿಲ್ ತರಿಸಿ. ಹೈದರಾಬಾದ್ ಗಾಡಿಯಾದರೆ 2020ರ ಅಕ್ಟೋಬರ್ ಆಸುಪಾಸಿನ ಸರ್ವೀಸ್ ದಾಖಲೆಯನ್ನು ಸಾಲು ಸಾಲಾಗಿ ಓದಿ. ಆ ತಿಂಗಳ ಮಳೆಗೆ ಅಲ್ಲಿ ಎಷ್ಟೋ ಬಡಾವಣೆಗಳಲ್ಲಿ ಕಾರುಗಳು ನೀರಲ್ಲಿ ನಿಂತಿದ್ದವು. ಅದೇ ತಿಂಗಳು ಭೀಮಾ ತೀರದಲ್ಲೂ ಪ್ರವಾಹ ಬಂದಿತ್ತು.

ನೀರು ನುಂಗಿದ ಗಾಡಿ ತೊಳೆದರೂ ಗುರುತು ಬಿಡುತ್ತದೆ. ಸೀಟ್‌ಬೆಲ್ಟನ್ನು ಕೊನೆವರೆಗೂ ಎಳೆದು ತಳದ ಒಂದಡಿ ನೋಡಿ, ಕೆಸರಿನ ಅಡ್ಡಗೆರೆ ಇರುತ್ತದೆ. ಮುಂದಿನ ಸೀಟನ್ನು ಪೂರ್ತಿ ಹಿಂದೆ ತಳ್ಳಿ ಹಳಿಯ ಬೋಲ್ಟ್‌ಗಳ ತಲೆ ನೋಡಿ. ಸೀಟಿನ ಕೆಳಗಿನ ಹಳದಿ ಏರ್‌ಬ್ಯಾಗ್ ಕನೆಕ್ಟರಿನ ಒಳಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ಟಾರ್ಚ್ ಬಿಡಿ. ಆದರೆ ಅದನ್ನು ಬಿಚ್ಚಬೇಡಿ, ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ. ಕಾರ್ಪೆಟ್ಟಿನ ಅಡಿಯ ಸ್ಪಂಜು ಒತ್ತಿ, ಸ್ಟೆಪ್ನಿ ಗುಂಡಿಯ ಮೂಲೆ ಕೆರೆದು ನೋಡಿ. ಈ ಗುರುತುಗಳು ಒಂದಕ್ಕೊಂದು ಸಾಕ್ಷಿ ಹೇಳಿದರೆ ಬೆಲೆ ಎಷ್ಟೇ ಇಳಿಸಿದರೂ ನನಗೆ ಆ ಗಾಡಿ ಬೇಡ. ವೈರಿಂಗ್ ಒಳಗಿನ ಕಿಲುಬು ವರ್ಷಗಟ್ಟಲೆ ಒಂದೊಂದೇ ದೋಷ ಹೊರಹಾಕುತ್ತಲೇ ಇರುತ್ತದೆ.

ಗಾಡಿಯನ್ನು ತಣ್ಣಗೆ ಸ್ಟಾರ್ಟ್ ಮಾಡಬೇಕು. ‘ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳುತ್ತೇನೆ, ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡುತ್ತೇನೆ. ಮೇ ತಿಂಗಳಲ್ಲಿ ಕೈ ಇಟ್ಟು ಏನೂ ತಿಳಿಯುವುದಿಲ್ಲ; ಕಲಬುರಗಿಯ ಬಿಸಿಲಿಗೆ ಬಾನೆಟ್ ಸುಮ್ಮನೆ ನಿಂತರೂ ಕಾದಿರುತ್ತದೆ. ಆಗ ಸ್ಕ್ಯಾನರಿನಲ್ಲಿ ಕೂಲಂಟ್ ಮತ್ತು ಹೊರಗಾಳಿಯ ಉಷ್ಣತೆ ಹೋಲಿಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು. ಚಳಿಗಾಲದಲ್ಲಿ ಬೀದರ್ ಕಡೆಯ ಮುಂಜಾನೆ ಸಿಕ್ಕರೆ ಇನ್ನೂ ಒಳ್ಳೆಯದು, ಎಣ್ಣೆ ದಪ್ಪಗಾಗಿರುತ್ತದೆ, ವಾಲ್ವ್‌ಗಳನ್ನು ತಕ್ಕ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನಿನ ದೋಷ ಮುಚ್ಚಿಡಲು ಆಗುವುದಿಲ್ಲ. ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಟೈಮಿಂಗ್ ಕವರ್ ಕಡೆಯಿಂದ ಡಬ್ಬಿಯಲ್ಲಿ ತೊಗರಿ ಕಾಳು ಅಲುಗಿಸಿದಂಥ ಸದ್ದು ಬಂದರೆ ಚೈನ್ ಉದ್ದವಾಗಿದೆ, ಇಲ್ಲವೇ ಅದನ್ನು ಬಿಗಿಯಾಗಿಡುವ ಟೆನ್ಶನರ್ ಒತ್ತಡ ಹಿಡಿಯುತ್ತಿಲ್ಲ. 2011ರ ಲಾರಾ ವಿಆರ್‌ಎಸ್‌ನ 1.8 ಟಿಎಸ್‌ಐನಲ್ಲಿ ಇದು ಗೊತ್ತಿರುವ ರೋಗ, ಆರಂಭದ ವರ್ಷಗಳ ಪೋಲೋ ಜಿಟಿ ಟಿಎಸ್‌ಐನ 1.2 ಇಂಜಿನ್ನಿನಲ್ಲೂ ಇದೆ. ಚೈನ್ ಹಲ್ಲು ಜಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಅಲ್ಲಿಗೆ ಇಂಜಿನ್ ಹೋಯಿತು. ಅಬಾರ್ತಿನ 1.4 ಟಿ-ಜೆಟ್‌ ಇಂಜಿನ್ನಿಗೆ ಚೈನಿನ ಬದಲು ಇರುವುದು ಬೆಲ್ಟ್. ಬದಲಿಸಿದ ಬಿಲ್ ಕೈಯಲ್ಲಿ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ. ಬೆಲ್ಟ್, ಟೆನ್ಶನರ್, ವಾಟರ್ ಪಂಪ್ ಮೂರರ ಬೆಲೆಯನ್ನೂ ಮೊತ್ತದಲ್ಲಿ ಕಳೆಯಿರಿ.

ಇಂಜಿನ್ ಓಡುತ್ತಿರುವಾಗ ಎಣ್ಣೆಯ ಮುಚ್ಚಳ ಮೆಲ್ಲಗೆ ಸಡಿಲಿಸಿ. ಸ್ವಲ್ಪ ಎಳೆತ ಸಹಜ. ಮುಚ್ಚಳ ಅಂಟಿಕೊಂಡಂತೆ ಬಿಗಿಯಾಗಿದ್ದು, ಎತ್ತಿದ ಕೂಡಲೇ ಐಡಲ್ ತೂರಾಡಿದರೆ ಪಿಸಿವಿ (ಇಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ಬಿಡುವ ವಾಲ್ವ್) ಡಯಾಫ್ರಾಮ್ ಹರಿದಿದೆ. ಆಮೇಲೆ ಕೂಲಂಟ್ ಡಬ್ಬಿ. ಅದರ ಬಣ್ಣ ಗುಲಾಬಿ ಅಥವಾ ನೇರಳೆ ಇರಬೇಕು. ನಮ್ಮದು ಸುಣ್ಣಕಲ್ಲಿನ ನೆಲ, ಬೋರ್‌ವೆಲ್ ನೀರು ಗಡಸು. ಕೂಲಂಟಿಗೆ ಅದೇ ನೀರು ಬೆರೆಸುತ್ತ ಬಂದ ಗಾಡಿಯಲ್ಲಿ ಡಬ್ಬಿಯ ಗೋಡೆಗೆ ಬಿಳಿ ಪದರ ಕಟ್ಟಿರುತ್ತದೆ, ಅದೇ ಪದರ ರೇಡಿಯೇಟರ್ ಒಳಗೂ ಇರುತ್ತದೆ. ಆಕ್ಟೇವಿಯಾದ 1.8 ಮತ್ತು 2.0 ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಮತ್ತು ವಾಟರ್ ಪಂಪಿನ ಪ್ಲಾಸ್ಟಿಕ್ ಮನೆ ಸೋರುವುದು ಸಾಮಾನ್ಯ. ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಗೆ ಟಾರ್ಚ್, ಸಣ್ಣ ಕನ್ನಡಿ ಹಿಡಿದು ಒಣಗಿದ ಗುಲಾಬಿ ಪುಡಿ ಹುಡುಕಿ.

ಈಗ ಧೂಳು. ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ರಸ್ತೆ ಮತ್ತು ಎರೆ ಹೊಲದ ನಡುವಿನ ರಸ್ತೆಗಳಲ್ಲಿ ಓಡಿದ ಗಾಡಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡುವುದು ಏರ್ ಫಿಲ್ಟರ್ ಪೆಟ್ಟಿಗೆ. ಸ್ಕ್ರೂ ಬಿಚ್ಚಿ ಫಿಲ್ಟರ್ ಎತ್ತಿ. ಅದರ ಕೊಳಕು ಬದಿ ಎಷ್ಟು ಕೊಳಕಾಗಿದೆ ಎಂಬುದು ಮುಖ್ಯವಲ್ಲ, ಫಿಲ್ಟರ್ ಬದಲಿಸಿದರೆ ಆಯಿತು. ಟರ್ಬೊ ಕಡೆಯ ಶುದ್ಧ ಬದಿಯ ಗೋಡೆಗೆ ಬೆರಳು ಎಳೆಯಿರಿ. ಬೆರಳಿಗೆ ಬೂದು ಪುಡಿ ಹತ್ತಿದರೆ ಫಿಲ್ಟರ್ ಅಂಚು ಸರಿಯಾಗಿ ಕೂತಿಲ್ಲ, ಇಲ್ಲವೇ ಅಗ್ಗದ ಫಿಲ್ಟರ್ ಹಾಕಿದ್ದಾರೆ. ಆ ಪುಡಿ ಟರ್ಬೊದ ಕಂಪ್ರೆಸರ್ ರೆಕ್ಕೆಯ ಅಂಚನ್ನೂ ಪಿಸ್ಟನ್ ರಿಂಗನ್ನೂ ಸವೆಸಿದೆ. ಸಾಧ್ಯವಾದರೆ ಪೈಪ್ ಬಿಚ್ಚಿ ರೆಕ್ಕೆ ನೋಡಿ. ಅಂಚು ಚೂಪಾಗಿ ಹೊಳೆಯಬೇಕು, ಮೊಂಡಾಗಿರಬಾರದು. ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಿಸಿ: ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರುತ್ತದೆ, ಹಿಂದೆ ಮುಂದೆ ಇರಬಾರದು, ರೆಕ್ಕೆ ಗೋಡೆಗೆ ತಾಗಬಾರದು. ಸದ್ದಿನ ಆಸೆಗೆ ತೆರೆದ ಕೋನ್ ಫಿಲ್ಟರ್ ಹಾಕಿಸಿ ನಮ್ಮ ಜಿಲ್ಲೆಯಲ್ಲೇ ಓಡಿಸಿದ ಗಾಡಿಯಾದರೆ ಕಂಪ್ರೆಶನ್ ಪರೀಕ್ಷೆ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು) ಇಲ್ಲದೆ ನಾನು ಮಾತಾಡುವುದಿಲ್ಲ. ಇಂಜಿನ್ ಬಿಸಿ ಇರಬೇಕು, ಎಲ್ಲ ಪ್ಲಗ್ ಬಿಚ್ಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ನಾಲ್ಕು ಸಿಲಿಂಡರುಗಳ ನಡುವೆ ಶೇಕಡಾ 10 ಮೀರಿದ ಅಂತರ ನನಗೆ ಒಪ್ಪಿಗೆಯಿಲ್ಲ. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್.

ಸ್ಕ್ಯಾನರ್ ಇಲ್ಲದೆ ಇಂಥ ಗಾಡಿ ಕೊಳ್ಳಲು ಹೋಗಲೇಬಾರದು. ಫೋಕ್ಸ್‌ವ್ಯಾಗನ್, ಸ್ಕೋಡಾಗೆ ವಿಸಿಡಿಎಸ್ ಅಥವಾ ಓಬಿಡಿ ಇಲೆವೆನ್ ಎಂಬ ಸ್ಕ್ಯಾನರ್ ಇದ್ದರೆ ಉತ್ತಮ. ಸಾಮಾನ್ಯ ಬ್ಲೂಟೂತ್ ಅಡಾಪ್ಟರಿನಲ್ಲೂ ಒಂದು ಅಮೂಲ್ಯ ಅಂಕಿ ಸಿಗುತ್ತದೆ: ದೋಷ ಅಳಿಸಿದ ಮೇಲೆ ಗಾಡಿ ಓಡಿದ ಕಿಲೋಮೀಟರ್. ಅದು 12 ಎಂದು ತೋರಿಸಿದರೆ, ನಿಮಗೆ ತೋರಿಸುವ ಮುಂಚೆ ಯಾರೋ ಎಚ್ಚರಿಕೆ ದೀಪ ಆರಿಸಿದ್ದಾರೆ. ರೆಡಿನೆಸ್ ಮಾನಿಟರ್‌ಗಳು (ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕ) ಅಪೂರ್ಣ ಎಂದು ಬಂದರೂ ಅದೇ ಸಂಶಯ. ಕಿಲೋಮೀಟರ್ ತಿರುಗಿಸಿದ್ದನ್ನು ಹಿಡಿಯಲು ಮೀಟರಿನ ಅಂಕಿಯನ್ನು ನಂಬದೆ ಬೇರೆ ಮಾಡ್ಯೂಲ್‌ಗಳಲ್ಲಿ ಉಳಿದ ಹಳೆಯ ದೋಷಗಳ ಫ್ರೀಜ್ ಫ್ರೇಮ್ (ದೋಷ ಬಂದ ಕ್ಷಣದ ದಾಖಲೆ) ನೋಡಿ. ಮೀಟರ್ 48,000 ಎನ್ನುವಾಗ ಗೇರ್‌ಬಾಕ್ಸ್ ದೋಷವೊಂದು 81,000ದಲ್ಲಿ ದಾಖಲಾಗಿದ್ದರೆ ವಾದಕ್ಕೆ ಏನೂ ಉಳಿಯುವುದಿಲ್ಲ. ಫ್ಯೂಯೆಲ್ ಟ್ರಿಮ್ (ಇಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಪ್ರಮಾಣ) ಶೇಕಡಾ 5ರ ಒಳಗಿದ್ದರೆ ಚೆನ್ನ, ಪ್ಲಸ್ 10 ದಾಟಿದರೆ ಎಲ್ಲೋ ಗಾಳಿ ಸೋರಿಕೆ ಇರಬಹುದು.

ಹೆಚ್ಚು ಶಕ್ತಿಗಾಗಿ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಗಾಡಿ ಟ್ಯೂನ್ ಆಗಿದೆಯೇ ಎಂಬುದನ್ನು ಮಾಲೀಕರು ಎಷ್ಟೋ ಸಲ ಹೇಳುವುದಿಲ್ಲ. ಮಾರುವ ಮುಂಚೆ ಸ್ಟಾಕ್ ಫೈಲ್ (ಕಂಪನಿಯ ಮೂಲ ಸಾಫ್ಟ್‌ವೇರ್) ಮರಳಿ ಹಾಕಿಸುವುದೂ ಉಂಟು, ಆದರೆ ನಟ್ಟು ಬೋಲ್ಟು ಸತ್ಯ ಹೇಳುತ್ತವೆ. ಕಂಪನಿಯ ಸ್ಪ್ರಿಂಗ್ ಕ್ಲಿಪ್ ಇರಬೇಕಾದ ಕಡೆ ತಿರುಪಿನ ಕ್ಲ್ಯಾಂಪ್, ಹೊಗೆಯ ಆಮ್ಲಜನಕ ಅಳೆಯುವ ಹಿಂದಿನ ಲ್ಯಾಂಬ್ಡಾ ಸೆನ್ಸರ್ ಮೇಲೆ ಪಾನಾ ಗುರುತು, ಟರ್ಬೊದಿಂದ ಹೊಗೆ ಒಯ್ಯುವ ಡೌನ್‌ಪೈಪ್ ಜೋಡಣೆಯಲ್ಲಿ ಹೊಸ ಗ್ಯಾಸ್ಕೆಟ್, ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ಟಿಗೆಯ ಬೋಲ್ಟ್ ತಲೆಯಲ್ಲಿ ಗೀರು: ಇವನ್ನು ಕಂಡರೆ ನೇರವಾಗಿ ಕೇಳುತ್ತೇನೆ. ಒಳ್ಳೆಯ ಟ್ಯೂನ್, ಸರಿಯಾದ ಪೆಟ್ರೋಲ್, ಬಿಲ್ ಸಮೇತ ಒಪ್ಪಿಕೊಂಡ ಮಾಲೀಕರ ಗಾಡಿಯನ್ನು ನಾನು ಬೇಡ ಎನ್ನುವುದಿಲ್ಲ. ಮುಚ್ಚಿಟ್ಟವರ ಗಾಡಿ ಬೇಡ.

ಇಷ್ಟಾದ ಮೇಲೆ ಗಾಡಿಯನ್ನು ಮಟ್ಟವಾದ ಶಹಾಬಾದ್ ಫರ್ಸಿ (ಹಾಸುಗಲ್ಲು) ಮೇಲೆ ನಿಲ್ಲಿಸಿ ನಾಲ್ಕೂ ಗಾಲಿಯ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿಯುತ್ತೇನೆ. ಎಡ ಬಲ ಹೋಲಿಸಿದಾಗ 10 ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಸ್ಪ್ರಿಂಗ್ ಮುರಿದಿದೆ ಅಥವಾ ದೊಡ್ಡ ಪೆಟ್ಟು ಬಿದ್ದಿದೆ. ಬಣ್ಣದ ದಪ್ಪ ಅಳೆಯುವ ಮೀಟರಿನಲ್ಲಿ 90ರಿಂದ 150 ಮೈಕ್ರಾನ್ ಕಂಪನಿ ಬಣ್ಣ. ಒಂದೇ ಬಾಗಿಲು 250 ತೋರಿದರೆ ಬರೀ ಗೀರು ಮುಚ್ಚಿದ್ದಿರಬಹುದು, ಆದರೆ ಬಾಗಿಲುಗಳ ನಡುವಿನ ಕಂಬ ಅಥವಾ ಛಾವಣಿ ಹಾಗೆ ತೋರಿದರೆ ಬಿಟ್ಟುಬಿಡಿ. ಅಲಾಯ್ ಗಾಲಿಗಳ ಒಳ ಅಂಚನ್ನು ಕೈಯಿಂದ ಸವರಿ. 17, 18 ಇಂಚಿನ ತೆಳು ಟೈರ್ ನಮ್ಮ ಗುಂಡಿಗಳಲ್ಲಿ ಬಾಗುವುದು ಒಳಗಿನಿಂದಲೇ. ಟೈರ್ ಬದಿಯ ‘2319’ ಎಂದರೆ 2019ರ 23ನೇ ವಾರದ್ದು. ನಾಲ್ಕೂ ಬೇರೆ ಬೇರೆ ಕಂಪನಿಯವಾದರೆ ಮಾಲೀಕರು ಎಲ್ಲೆಲ್ಲಿ ಖರ್ಚು ತಪ್ಪಿಸಿದ್ದಾರೆ ಎಂದು ಊಹಿಸಿ.

ಕೀಲಿ ಸಿಕ್ಕ ಮೇಲೂ ಮೊದಲು ಹೆದ್ದಾರಿಗೆ ಹೋಗುವುದಿಲ್ಲ. ಜಗತ್ ವೃತ್ತ, ಸೂಪರ್ ಮಾರ್ಕೆಟ್ ಕಡೆಯ ಗದ್ದಲದಲ್ಲಿ ಎಸಿ ಹಾಕಿಕೊಂಡು ಅರ್ಧ ಗಂಟೆ ತೆವಳುತ್ತೇನೆ, ಅದೂ ಮಧ್ಯಾಹ್ನ. ಪೋಲೋ ಜಿಟಿಯ ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ ಬಯಲಾಗುವುದು ಇಲ್ಲೇ. ಒಂದರಿಂದ ಎರಡಕ್ಕೆ ಹೋಗುವಾಗ ನಡುಕ, ಏರಿನಲ್ಲಿ ರಿವರ್ಸ್ ಹಾಕಿದಾಗ ಜಗ್ಗಾಟ, ಬ್ರೇಕ್ ಬಿಟ್ಟಾಗ ತಡೆದು ಜಿಗಿಯುವುದು ಕ್ಲಚ್ ಸವೆದ ಗುರುತು. ಗೇರ್ ತೋರಿಸುವ ಅಕ್ಷರ ಮಿಣುಕಿ ಗಾಡಿ ನ್ಯೂಟ್ರಲ್ಲಿಗೆ ಬಿದ್ದರೆ ಮೆಕಾಟ್ರಾನಿಕ್ (ಗೇರ್‌ಬಾಕ್ಸನ್ನು ನಡೆಸುವ ಘಟಕ) ಸಂಶಯ. ಅದರ ದುರಸ್ತಿಯ ಖರ್ಚು ಲಕ್ಷದ ಲೆಕ್ಕದಲ್ಲೇ ಬರುತ್ತದೆ. 2017ರ ಆರ್‌ಎಸ್‌ನ ಆರು ಗೇರಿನ ಡಿಎಸ್‌ಜಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು, ಶಾಖ ತಾಳುತ್ತದೆ. ಆದರೆ ಪ್ರತಿ 60,000 ಕಿಲೋಮೀಟರಿಗೆ ಎಣ್ಣೆ, ಫಿಲ್ಟರ್ ಬದಲಿಸಿದ ಬಿಲ್ ಇರಲೇಬೇಕು.

ಈ ಹೊತ್ತಿನಲ್ಲಿ ಕಣ್ಣು ಸ್ಕ್ಯಾನರಿನ ಕೂಲಂಟ್ ಅಂಕಿಯ ಮೇಲಿರಲಿ. ಸ್ಕೋಡಾ ಗಾಡಿಗಳ ಉಷ್ಣತೆಯ ಮುಳ್ಳು ನಡುವೆ 90ರಲ್ಲಿ ಅಂಟಿಕೊಂಡೇ ಇರುವಂತೆ ಮಾಡಿರುತ್ತಾರೆ. ಒಳಗೆ ಉಷ್ಣತೆ ನೂರು ದಾಟಿದರೂ ಮುಳ್ಳು ಕದಲದು. ನಿಂತಾಗ ಏರಿ, ಫ್ಯಾನ್ ಓಡಿದ ಕೂಡಲೇ ಇಳಿದರೆ ಸರಿ. ಏರುತ್ತಲೇ ಹೋದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಧೂಳು ಕಟ್ಟಿದೆ, ಇಲ್ಲವೇ ಫ್ಯಾನಿನ ಎರಡನೇ ವೇಗ ಸತ್ತಿದೆ.

ಆಮೇಲೆ ಹುಮನಾಬಾದ್ ರಸ್ತೆ. ಕಮಲಾಪುರ ಕಡೆ ಖಾಲಿ ನೇರ ದಾರಿ ಸಿಕ್ಕಾಗ, ವೇಗದ ಮಿತಿಯೊಳಗೆ, ಮೂರನೇ ಗೇರಿನಲ್ಲಿ 2,000 ಸುತ್ತಿನಿಂದ ಪೂರ್ತಿ ಒತ್ತಿ, ಪಕ್ಕದಲ್ಲಿ ಕೂತವರು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಲಾಗ್ ಮಾಡಲಿ, ಅಂದರೆ ಸ್ಕ್ಯಾನರಿನಲ್ಲಿ ದಾಖಲಿಸಲಿ. ಇಸಿಯು ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್ ಎರಡೂ ಗೆರೆ ಜೊತೆಯಾಗಿ ಏರಬೇಕು. ಸಿಕ್ಕದ್ದು ಹಿಂದೆ ಬಿದ್ದರೆ ಪೈಪ್ ಸೋರಿಕೆ, ಇಲ್ಲವೇ ಟರ್ಬೊದ ಒತ್ತಡ ಹಿಡಿತದಲ್ಲಿಡುವ ಡೈವರ್ಟರ್ ವಾಲ್ವ್ ಅಥವಾ ವೇಸ್ಟ್‌ಗೇಟ್ ಕಾರಣ. ಅದೇ ಲಾಗಿನಲ್ಲಿ ಪ್ರತಿ ಸಿಲಿಂಡರಿನ ಇಗ್ನಿಷನ್ ಹಿಂದೆಳೆತ (ಇಸಿಯು ಕಿಡಿಯನ್ನು ತಡಮಾಡುವುದು) ನೋಡಿ. ಒಂದೇ ಸಿಲಿಂಡರ್ ಪದೇ ಪದೇ 5, 6 ಡಿಗ್ರಿ ಹಿಂದೆ ಸರಿಯುತ್ತಿದ್ದರೆ ಪ್ಲಗ್, ಇಂಜೆಕ್ಟರ್ ಅಥವಾ ಇಂಗಾಲದ ಪದರ ಕಾರಣ. ವೇಗ ಬಿಟ್ಟು ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ ಬರಬಾರದು.

ಬೆಲೆ ಮಾತಾಡುವಾಗ ತೆರಿಗೆ ಮರೆಯಬೇಡಿ. ಹೊರರಾಜ್ಯದ ಗಾಡಿಗೆ ಅಲ್ಲಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಜೊತೆಗೆ ಹೆಸರು ವರ್ಗಾವಣೆಯ ಫಾರಂ 29, 30 ಬೇಕು. 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಳ್ಳುವುದಾದರೆ ಮರುನೋಂದಣಿ ಕಡ್ಡಾಯ. ಕರ್ನಾಟಕದ ಜೀವಾವಧಿ ತೆರಿಗೆ ಗಾಡಿಯ ಬೆಲೆಗೆ ತಕ್ಕಂತೆ ಶೇಕಡಾ 13ರಿಂದ 18, ಮೇಲೆ ಸೆಸ್. ವಯಸ್ಸಿನ ರಿಯಾಯಿತಿ ಕಳೆದರೂ 20 ಲಕ್ಷ ಮೀರಿದ ಗಾಡಿಗೆ ದೊಡ್ಡ ಮೊತ್ತವೇ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ಗಾಡಿ ಮನೆಗೆ ಬಂದ ವಾರದಲ್ಲೇ ಇಂಜಿನ್ ಎಣ್ಣೆ, ಕಂಪನಿ ಏರ್ ಫಿಲ್ಟರ್, ಪ್ಲಗ್, ಡಾಟ್ 4 ಬ್ರೇಕ್ ದ್ರವ ಬದಲಿಸುತ್ತೇನೆ. ಟಿಎಸ್‌ಐ ಇಂಜಿನ್ನುಗಳಿಗೆ ಫೋಕ್ಸ್‌ವ್ಯಾಗನ್‌ನ 502 00 ಮಾನದಂಡದ ಎಣ್ಣೆ. ಪುಸ್ತಕದಲ್ಲಿ 15,000 ಕಿಲೋಮೀಟರ್ ಎಂದಿದ್ದರೂ ನಮ್ಮ ಬಿಸಿಲು, ಧೂಳಿಗೆ 7,500ಕ್ಕೇ ಎಣ್ಣೆ ಇಳಿಸುವುದು, 5,000ಕ್ಕೊಮ್ಮೆ ಫಿಲ್ಟರ್ ಪೆಟ್ಟಿಗೆ ತೆರೆದು ಶುದ್ಧ ಬದಿಗೆ ಬೆರಳು ಎಳೆಯುವುದು ನನ್ನ ರೂಢಿ.