ಮೂತ್ರಚೀಲ ತೆಗೆದ ಮೇಲೆ: ಬ್ಯಾಗು, ಮೋಷನ್ ಮತ್ತು ಮನೆಯ ಮೊದಲ ವಾರಗಳು

ಕ್ಯಾನ್ಸರ್ ಅಂತ ಅಪ್ಪನ ಮೂತ್ರಚೀಲವನ್ನು ಪೂರ್ತಿ ತೆಗೆದರು. ಮನೆಗೆ ಬಂದ ಮೊದಲ ರಾತ್ರಿ ಯೂರಿನ್ ಬ್ಯಾಗಿನಲ್ಲಿ ಬಿಳಿ ಲೋಳೆ ತೇಲುವುದನ್ನು ನೋಡಿ ಕೀವು ಅಂದುಕೊಂಡು ಅಮ್ಮನೂ ನಾನೂ ಬೆಳಗಿನವರೆಗೆ ಎದ್ದೇ ಇದ್ದೆವು. ಅದು ಕೀವಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಸಣ್ಣ ಕರುಳಿನ 15ರಿಂದ 20 ಸೆಂಟಿಮೀಟರ್ ತುಂಡು ತೆಗೆದು, ಎರಡೂ ಕಿಡ್ನಿಯ ನಾಳಗಳನ್ನು ಅದಕ್ಕೆ ಜೋಡಿಸಿ, ಅದರ ಬಾಯಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತರುತ್ತಾರೆ. ಆ ಬಾಯಿಯೇ ಸ್ಟೋಮಾ, ಯೂರಿನ್ ಹಿಡಿಯುವ ಬ್ಯಾಗನ್ನು ಅದರ ಮೇಲೆ ಅಂಟಿಸುತ್ತಾರೆ. ಕರುಳು ಎಲ್ಲಿದ್ದರೂ ಲೋಳೆ ಬಿಡುತ್ತದೆ, ಅದು ಅದರ ಗುಣ. ತುಂಡು ತೆಗೆದ ಜಾಗದಲ್ಲಿ ಕರುಳನ್ನು ಮತ್ತೆ ಹೊಲಿದಿರುತ್ತಾರೆ, ಹಾಗಾಗಿ ಮೋಷನ್ ಕೂಡ ಏರುಪೇರಾಗುತ್ತದೆ.

ಮೊದಲು ಬ್ಯಾಗಿನ ವಿಷಯ. ಸ್ಟೋಮಾದಿಂದ ಯೂರಿನ್ ಹಗಲೂ ರಾತ್ರಿ ಬರುತ್ತಲೇ ಇರುತ್ತದೆ, ತಡೆಯಲು ಆಗುವುದಿಲ್ಲ. ಬ್ಯಾಗು ಮೂರನೇ ಒಂದು ಭಾಗ, ಜಾಸ್ತಿ ಅಂದರೆ ಅರ್ಧ ತುಂಬಿದಾಗಲೇ ಖಾಲಿ ಮಾಡಿ. ಭಾರ ಹೆಚ್ಚಾದರೆ ಅಂಟು ಬಿಡುತ್ತದೆ. ಬ್ಯಾಗು ಬದಲಿಸಲು ಬೆಳಗ್ಗೆ ಕಾಫಿ, ನೀರು ಏನೂ ಕುಡಿಯುವ ಮೊದಲಿನ ಹೊತ್ತೇ ಒಳ್ಳೆಯದು, ಆಗ ಯೂರಿನ್ ಕಡಿಮೆ ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಚರ್ಮ ಪೂರ್ತಿ ಒಣಗಲಿ. ಎಣ್ಣೆ, ಕ್ರೀಮು, ಮೈಗೆ ಹಚ್ಚುವ ಪೌಡರ್ ಬೇಡ, ಅಂಟು ಹಿಡಿಯುವುದಿಲ್ಲ. ಮಧ್ಯೆ ಯೂರಿನ್ ಜಿನುಗುತ್ತಿದ್ದರೆ ಸುತ್ತಿಟ್ಟ ಗಾಜ್ ಬಟ್ಟೆಯ ತುಂಡನ್ನು ಸ್ಟೋಮಾ ಮೇಲೆ ಹಿಡಿದುಕೊಂಡು ಕೆಲಸ ಮಾಡಿ. ಚರ್ಮಕ್ಕೆ ಅಂಟುವ ಪ್ಲೇಟಿನ ತೂತು ಸ್ಟೋಮಾಗಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಮೊದಲ 6-8 ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ಪ್ರತಿ ಸಲ ಅಳೆದು ಕತ್ತರಿಸಬೇಕು. ನಾವು ಅಳೆಯದೆ ಹಳೇ ಅಳತೆಗೇ ಕತ್ತರಿಸಿದ್ದಕ್ಕೆ ಯೂರಿನ್ ತಗುಲಿ ಅಪ್ಪನ ಚರ್ಮ ಸುಟ್ಟ ಹಾಗೆ ಕೆಂಪಾಗಿತ್ತು.

ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಬೀಟ್‌ರೂಟ್ ತಿಂದರೆ ಯೂರಿನ್ ಕೆಂಪಾಗಬಹುದು. ರಾತ್ರಿ 2 ಲೀಟರಿನ ದೊಡ್ಡ ಬ್ಯಾಗಿಗೆ ಪೈಪ್ ಜೋಡಿಸಿ ಮಂಚದ ಕೆಳಗೆ ಇಳಿಬಿಟ್ಟರೆ ಎದ್ದೆದ್ದು ಹೋಗುವುದು ತಪ್ಪುತ್ತದೆ. ಪಂಚೆಯ ಗಂಟು ಸ್ಟೋಮಾ ಮೇಲೆ ಬೀಳದಂತೆ ನೋಡಿಕೊಳ್ಳಿ. ಇನ್ನು ನೀರು: ಹಾರ್ಟ್, ಕಿಡ್ನಿ ತೊಂದರೆಗೆ ಡಾಕ್ಟರು ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ 2 ಲೀಟರಿಗೆ ಕಡಿಮೆ ಬೇಡ. ಬ್ಯಾಗು ತುಂಬುತ್ತದೆ ಅಂತ ಅಪ್ಪ ಕುಡಿಯುವುದನ್ನೇ ಬಿಟ್ಟಿದ್ದರು. ಹಾಗೆ ಮಾಡಿದರೆ ಲೋಳೆ ಗಟ್ಟಿಯಾಗುತ್ತದೆ, ಸೋಂಕೂ ಬೇಗ ಬರುತ್ತದೆ.

ಮೋಷನ್ ಬಗ್ಗೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅಲ್ವಾ? ಆಪರೇಷನ್ ಆದ ಮೇಲೆ ಕರುಳು ಕೆಲವು ದಿನ ಸುಮ್ನೆ ಮಲಗಿಬಿಡುತ್ತದೆ. ಮೊದಲು ಗ್ಯಾಸ್ ಹೋಗಬೇಕು, ಮೋಷನ್ ಆಮೇಲೆ. ಮನೆಗೆ ಬಂದ ಮೇಲೂ ಕೆಲವು ವಾರ ಒಂದು ದಿನ ನೀರು ನೀರು, ಇನ್ನೊಂದು ದಿನ ಏನೂ ಇಲ್ಲ. ದಿನಕ್ಕೆ ಮೂರು ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೆತ್ತಗಿನ ಅನ್ನ, ತಿಳಿಸಾರು, ಇಡ್ಲಿ, ಗಂಜಿ, ಸೋರೆಕಾಯಿ ಸಾಕು. ಎಲೆಕೋಸು, ಹುರುಳಿಕಾಳು, ಅವರೆಕಾಳು ಗ್ಯಾಸ್ ಮಾಡುತ್ತವೆ, ಸ್ವಲ್ಪ ದಿನ ಕಾಯಿರಿ. ಭೇದಿಯಾದರೆ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕುಡಿಸಿ. ದಿನಗಟ್ಟಲೆ ನಿಲ್ಲದಿದ್ದರೆ ಡಾಕ್ಟರಿಗೆ ಹೇಳಿ, ಸಣ್ಣ ಕರುಳಿನ ತುದಿಭಾಗ ತೆಗೆದಾಗ ಪಿತ್ತರಸ ಸರಿಯಾಗಿ ಹೀರದೆಯೂ ಹೀಗಾಗಬಹುದು, ಅದಕ್ಕೆ ಬೇರೆ ಔಷಧಿ ಇದೆ. ಮಲಬದ್ಧತೆಗೆ ಎಷ್ಟೋ ಸಲ ನೋವಿನ ಮಾತ್ರೆಯೇ ಕಾರಣ. ತಿಣುಕಬೇಡಿ, ಡಾಕ್ಟರನ್ನು ಕೇಳದೆ ಎನಿಮಾ ಕೊಡಬೇಡಿ. ತುಂಬಿದ ಕೊಡ, ಅಕ್ಕಿ ಮೂಟೆ ಕನಿಷ್ಠ 6 ವಾರ ಮುಟ್ಟಲೇಬಾರದು.

ಕೆಲವರಿಗೆ ಹೊರಗಿನ ಬ್ಯಾಗಿನ ಬದಲು ಕರುಳಿನಿಂದಲೇ ಒಳಗೆ ಹೊಸ ಚೀಲ ಮಾಡಿರುತ್ತಾರೆ. ಅವರಿಗೆ ಮೊದಲಿನಂತೆ ‘ಅರ್ಜೆಂಟ್’ ಅನಿಸುವುದಿಲ್ಲ, ಗಡಿಯಾರ ನೋಡಿ ಹೋಗಬೇಕು. ಶುರುವಿನಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಅಲಾರಂ ಇಟ್ಟುಕೊಂಡು. ಗಂಡಸರೂ ಕೂತು ಮಾಡುವುದು ಸುಲಭ. ರಾತ್ರಿ ಸೋರುವುದು ನಿಲ್ಲಲು ತಿಂಗಳುಗಟ್ಟಲೆ ಬೇಕಾಗಬಹುದು.

ಆದರೆ ಇವು ಕಂಡರೆ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ: ಕೆಲವು ಗಂಟೆ ಯೂರಿನ್ ಹನಿಯೂ ಬರದಿದ್ದರೆ, 101 ಡಿಗ್ರಿ ಜ್ವರ ಅಥವಾ ಚಳಿ ನಡುಕ ಬಂದರೆ, ಪಕ್ಕೆ ನೋವಾದರೆ, ಹೊಟ್ಟೆ ಉಬ್ಬಿ ವಾಂತಿಯಾಗಿ ಗ್ಯಾಸೂ ಹೋಗದಿದ್ದರೆ, ಸ್ಟೋಮಾ ಕಪ್ಪಾದರೆ, ಒಂದು ಕಾಲು ಮಾತ್ರ ಊದಿಕೊಂಡರೆ. ಜ್ವರವಿಲ್ಲದೆಯೇ ತುಂಬಾ ಸುಸ್ತು, ಹಸಿವಿಲ್ಲ ಅಂದರೂ ಹೇಳಿ, ರಕ್ತದಲ್ಲಿ ಆಮ್ಲ ಜಾಸ್ತಿಯಾಗಿರಬಹುದು.

ಯೂರಿನ್ ಟೆಸ್ಟಿಗೆ ಬ್ಯಾಗಿನಲ್ಲಿ ನಿಂತದ್ದನ್ನು ಕೊಡಬೇಡಿ, ಸ್ಟೋಮಾದಿಂದ ನೇರ ತೆಗೆಯಲು ನರ್ಸಿಗೆ ಹೇಳಿ. ಸ್ಟೋಮಾ ಇರುವವರ ಯೂರಿನ್‌ನಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯ. ಜ್ವರ, ನೋವು ಏನೂ ಇಲ್ಲದೆ ಬರೀ ರಿಪೋರ್ಟ್ ನೋಡಿ ಆ್ಯಂಟಿಬಯಾಟಿಕ್ ಬರೆದರೆ, ಆಪರೇಷನ್ ಮಾಡಿದ ಡಾಕ್ಟರನ್ನು ಒಂದು ಸಲ ಕೇಳಿಯೇ ಶುರು ಮಾಡಿ.