240 ಕುರಿ ಅಲ್ಲ, 12 ಹಿಂಡು

ಕುಷ್ಟಗಿ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿರುತ್ತಾರೆ. ದನಗಳು ಮೇಯುವಾಗ, ಮಲಗುವಾಗ ಹೆಚ್ಚಾಗಿ ಉತ್ತರ-ದಕ್ಷಿಣಕ್ಕೇ ಮೈ ಮಾಡಿರುತ್ತವೆ ಎಂದು 2008ರಲ್ಲಿ ಸಂಶೋಧಕಿ ಸಬೀನ್ ಬೆಗಾಲ್ ಮತ್ತು ಸಂಗಡಿಗರು ಗೂಗಲ್ ಅರ್ಥ್ ಚಿತ್ರಗಳನ್ನು ನೋಡಿ ಬರೆದರು. 2011ರಲ್ಲಿ ಇನ್ನೊಂದು ತಂಡ ಅಂಥದ್ದೇನೂ ಕಾಣಲಿಲ್ಲ ಎಂದಿತು. ನಮ್ಮ ಕುರಿ ಏನನ್ನುತ್ತವೆ ನೋಡೋಣ ಅಂತ ದಿಕ್ಸೂಚಿ ಹಿಡಿದು ಹೊರಟೆ.

ಮೊದಲ ದಿನದ ಕೆಲಸ ದಂಡ. ದಿಕ್ಸೂಚಿಯನ್ನು ಬೈಕಿನ ಟ್ಯಾಂಕ್ ಮೇಲಿಟ್ಟು ಓದಿದ್ದೆ. ಹತ್ತು ಹೆಜ್ಜೆ ಆಚೆ ಹೋದರೆ ಮುಳ್ಳು ಬೇರೆ ಕಡೆ ಹೊರಳಿತು.

ದಿಕ್ಕಿನ ಲೆಕ್ಕಕ್ಕೆ ಸಾದಾ ಸರಾಸರಿ ನಡೆಯುವುದಿಲ್ಲ. 350 ಮತ್ತು 10 ಡಿಗ್ರಿ ಎರಡೂ ಉತ್ತರದ ಅಕ್ಕಪಕ್ಕದವು, ಕೂಡಿ ಭಾಗಿಸಿದರೆ ಮಾತ್ರ 180, ಅಂದರೆ ದಕ್ಷಿಣ! ಅದಕ್ಕೆ ಪ್ರತಿ ದಿಕ್ಕನ್ನು ಒಂದಳತೆ ಉದ್ದದ ಬಾಣ ಎಂದುಕೊಂಡು, ಕೋನದ ಸೈನ್ (ಪೂರ್ವದ ಪಾಲು), ಕೊಸೈನ್ (ಉತ್ತರದ ಪಾಲು) ತೆಗೆದು ಅವುಗಳ ಸರಾಸರಿಯಿಂದ ದಿಕ್ಕು ಕಂಡುಹಿಡಿಯಬೇಕು. ಜೊತೆಗೆ ಸಿಗುವ ಸರಾಸರಿ ಬಾಣದ ಉದ್ದವೇ 'ಆರ್': ಎಲ್ಲವೂ ಒಂದೇ ಕಡೆ ಇದ್ದರೆ 1, ಚದುರಿದಷ್ಟೂ ಸೊನ್ನೆಯ ಹತ್ತಿರ.

ಕುರಿಗೆ ಇನ್ನೊಂದು ತೊಡಕು. ತಲೆ ಉತ್ತರಕ್ಕಿರಲಿ ದಕ್ಷಿಣಕ್ಕಿರಲಿ, ಬೆನ್ನಿನ ಗೆರೆ ಒಂದೇ. ಹಾಗೇ ಕೂಡಿದರೆ ಎದುರುಬದುರು ನಿಂತವು ಒಂದನ್ನೊಂದು ಹೊಡೆದುಹಾಕುತ್ತವೆ. ಕೋನವನ್ನು ಇಮ್ಮಡಿ ಮಾಡುವುದೇ ಇದಕ್ಕೆ ಉಪಾಯ. 10 ಇದ್ದದ್ದು 20 ಆಗುತ್ತದೆ. 190 ಇದ್ದದ್ದು 380, ಒಂದು ಸುತ್ತು ಕಳೆದರೆ ಅದೂ 20. ಸರಾಸರಿ ತೆಗೆದ ಮೇಲೆ ಅರ್ಧ ಮಾಡಿದರಾಯಿತು.

12 ಹಿಂಡು, ಹಿಂಡಿಗೆ 20ರಂತೆ 240 ಕುರಿ ಅಳೆದೆ. ಆರ್ 0.2 ಬಂತು. ದಿಕ್ಕುಗಳ ಒಲವು ಬರೀ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ರೇಲಿ ಪರೀಕ್ಷೆಯಲ್ಲಿ ಆರ್‌ನ ವರ್ಗವನ್ನು ಅಳತೆಗಳ ಸಂಖ್ಯೆಯಿಂದ ಗುಣಿಸಬೇಕು: 9.6. ಮೂರು ದಾಟಿದರೇ ಆಕಸ್ಮಿಕವಲ್ಲ ಅನ್ನಲು ಸಾಕು ಅನ್ನುವಲ್ಲಿ ಇಷ್ಟು! ಅವತ್ತು ರಾತ್ರಿ ಸರಿಯಾಗಿ ನಿದ್ದೆಯೂ ಬರಲಿಲ್ಲ.

ಆ ಹುರುಪು ಇಳಿಸಿದ್ದು ಒಬ್ಬ ಕುರಿಗಾಹಿ ಅಜ್ಜ. "ಬಿಸಲಾಗ ನೋಡು ತಮ್ಮಾ, ಒಂದರ ಹೊಟ್ಟಿ ನೆರಳಿಗೆ ಇನ್ನೊಂದು ತಲಿ ಇಡತೈತಿ. ಒಂದು ತಿರುಗಿದ್ರ ಹಿಂದಿಂದೂ ತಿರುಗತೈತಿ."

ಅಂದರೆ 20 ಕುರಿ 20 ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಪರೀಕ್ಷೆಗೆ ಬೇಕಾದದ್ದು ಒಂದರ ಹಂಗು ಇನ್ನೊಂದಕ್ಕಿಲ್ಲದ ಅಳತೆಗಳು. ಇದು ಓದಿ ಗೊತ್ತಿದ್ದ ಮಾತೇ, ಆದರೂ ಆಸೆಗೆ ಬಿದ್ದಿದ್ದೆ. ಹಿಂಡಿಗೊಂದು ಸರಾಸರಿ ಗೆರೆ ತೆಗೆದು, ಆ 12 ಗೆರೆಗಳನ್ನಷ್ಟೇ ಲೆಕ್ಕಕ್ಕೆ ಹಾಕಿದೆ. ಆರ್ 0.34ಕ್ಕೆ ಏರಿತು, ಪರೀಕ್ಷೆಯ ಬೆಲೆ ಮಾತ್ರ 1.4ರ ಹತ್ತಿರಕ್ಕೆ ಕುಸಿಯಿತು. ದಿಕ್ಕೇ ಇಲ್ಲದೆ ನಿಂತರೂ ನಾಲ್ಕು ಸಲಕ್ಕೊಮ್ಮೆ ಇಷ್ಟು ಬಂದೀತು.

ಈಗ ಮೋಡವಿದ್ದ ಬೆಳಿಗ್ಗೆ ಮಾತ್ರ ಹೋಗುತ್ತೇನೆ, ದಿನಕ್ಕೆ ಒಂದೇ ಹಿಂಡು. ಗಾಳಿ ಎತ್ತಲಿಂದ ಅನ್ನುವುದನ್ನೂ ಬರೆದುಕೊಳ್ಳುತ್ತೇನೆ. ಕುರಿಗಳ ಬೆನ್ನಿಗೆ ಬಳಿದ ಬಣ್ಣದ ಗುರುತು ನೋಡಿ, ಹಿಂದೆ ಅಳೆದ ಹಿಂಡೇ ಮತ್ತೆ ಸಿಕ್ಕಿದ್ದರೆ ಅಜ್ಜನ ಹತ್ತಿರ ಚಹಾ ಕುಡಿದು ವಾಪಸ್.