ಒಂಟಿ ಮೀನು, ಗುಂಪಿನ ಮೀನು: ನಾನು ಮಾಡೆಲ್ ಬರೆಯುವ ಬಗೆ

ಗುಂಪಿನ ಚಲನೆಗೆ ಕೈ ಹಾಕುವ ಮೊದಲು ನಾನು ಒಂಟಿ ಪ್ರಾಣಿಯ ಮಾಡೆಲ್, ಅಂದರೆ ಅದರ ಚಲನೆಯನ್ನು ಅನುಕರಿಸುವ ಕಂಪ್ಯೂಟರ್ ಪ್ರೋಗ್ರಾಂ, ಬರೆಯುತ್ತೇನೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲವೇ ಸಾಲು. ಪ್ರತಿ ಹೆಜ್ಜೆಗೂ ಎರಡೇ ಪ್ರಶ್ನೆ: ಎಷ್ಟು ದೂರ, ಎಷ್ಟು ತಿರುವು? ತಿರುವು ಸಣ್ಣದಿದ್ದರೆ ಪ್ರಾಣಿ ಸ್ವಲ್ಪ ಹೊತ್ತು ನೆಟ್ಟಗೆ ಹೋಗುತ್ತದೆ, ಆಮೇಲೆ ಹೊರಟ ದಿಕ್ಕಿನ ಗುರುತೇ ಉಳಿಯುವುದಿಲ್ಲ.

ಇದು ಯಾಕೆ ಬೇಕು ಅಂದರೆ, ಗುಂಪು ಒಗ್ಗಟ್ಟಾಗಿದೆಯೋ ಇಲ್ಲವೋ ಅಂತ ಅಳೆಯಲು ನಾವು ಎಲ್ಲರ ದಿಕ್ಕನ್ನೂ ಬಾಣಗಳಂತೆ ಕೂಡಿಸಿ, ಸಂಖ್ಯೆಯಿಂದ ಭಾಗಿಸಿ, 0ರಿಂದ 1ರೊಳಗಿನ ಒಂದು ಅಂಕಿ ತೆಗೆಯುತ್ತೇವೆ; 1 ಅಂದರೆ ಎಲ್ಲರೂ ಒಂದೇ ದಿಕ್ಕು, 0ರ ಹತ್ತಿರ ಅಂದರೆ ಚೆಲ್ಲಾಪಿಲ್ಲಿ. 25 ಪ್ರಾಣಿಗಳು ಒಂದನ್ನೊಂದು ನೋಡದೆ ಸುಮ್ನೆ ಅಡ್ಡಾಡಿದರೂ ಈ ಅಂಕಿ ಸರಾಸರಿ 0.18ರ ಹತ್ತಿರ ಇರುತ್ತದೆ. 100 ಇದ್ದರೆ 0.09. ಇದು ಗೊತ್ತಿಲ್ಲದಿದ್ದರೆ ಇಲ್ಲದ ಒಗ್ಗಟ್ಟು ಕಾಣುತ್ತದೆ.

ಗುಂಪಿಗೆ ಬಂದರೆ ಹೆಚ್ಚಿನವರು 1995ರ ವಿಚೆಕ್ ಮಾಡೆಲ್ ಹಿಡಿಯುತ್ತಾರೆ: ಅಕ್ಕಪಕ್ಕದವರ ದಿಕ್ಕಿನ ಸರಾಸರಿ ತಗೊಂಡು ಸ್ವಲ್ಪ ಏರುಪೇರು, ಅಂದರೆ ಗೊತ್ತುಗುರಿ ಇಲ್ಲದ ಬದಲಾವಣೆ, ಸೇರಿಸುವುದು. ನನಗೆ ಜಾಸ್ತಿ ಕಲಿಸಿದ್ದು ಬೇರೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ್ ಅವರ ತಂಡ, ಕೇರಳದವರು ಕರಿಮೀನ್ ಎನ್ನುವ ಮೀನುಗಳನ್ನು 15, 30, 60ರ ಗುಂಪುಗಳಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದ ಕೆಲಸ. ಅದರ ನಿಯಮವನ್ನೇ ನಾನು ಕೋಡ್ ಮಾಡಿದೆ. ಮೀನು ಒಮ್ಮೊಮ್ಮೆ ತಾನಾಗಿಯೇ ತಿರುಗುತ್ತದೆ, ಇಲ್ಲವಾದರೆ ಯಾವುದೋ ಒಂದು ಮೀನಿನ ದಿಕ್ಕನ್ನು ನಕಲು ಮಾಡುತ್ತದೆ. ಅಷ್ಟೇ, ಸರಾಸರಿ ಗಿರಾಸರಿ ಏನೂ ಇಲ್ಲ.

ಲೆಕ್ಕದಲ್ಲಿ ಮೀನುಗಳು ಅನಂತ ಅಂದುಕೊಂಡರೆ ಒಗ್ಗಟ್ಟು ಕರಗಿಹೋಗಬೇಕು. ಆದರೆ 15 ಮೀನು ಹಾಕಿದರೆ ಗುಂಪು ಒಂದೇ ದಿಕ್ಕಿಗೆ ಗಟ್ಟಿಯಾಗಿ ನಿಲ್ಲುತ್ತದೆ, 60 ಹಾಕಿದರೆ ಸಡಿಲವಾಗುತ್ತದೆ! ಕಾರಣ ಏರುಪೇರಿನಲ್ಲೇ ಇದೆ. ದಿಕ್ಕುಗಳು ಚೆಲ್ಲಾಪಿಲ್ಲಿ ಇದ್ದಾಗ ಒಂದೊಂದು ನಕಲೂ ಚಿಕ್ಕ ಗುಂಪನ್ನು ಜೋರಾಗಿ ಅಲುಗಾಡಿಸುತ್ತದೆ. ಎಲ್ಲರೂ ಒಂದೇ ಕಡೆ ತಿರುಗಿದ ಮೇಲೆ ಯಾರನ್ನು ನಕಲು ಮಾಡಿದರೂ ಅದೇ ದಿಕ್ಕು, ಅಲ್ವಾ? ಹಾಗಾಗಿ ಅಲ್ಲೇ ಉಳಿದುಬಿಡುತ್ತದೆ.

ಅದಕ್ಕೇ ಈಗ ನಾನು ಒಗ್ಗಟ್ಟಿನ ಅಂಕಿ ಕ್ಷಣ ಕ್ಷಣಕ್ಕೂ ಎಷ್ಟು ಬದಲಾಯಿತು ಅಂತ ತೆಗೆದು, ಆ ಬದಲಾವಣೆಯ ಸರಾಸರಿಯ ಜತೆಗೆ ಹರವನ್ನೂ, ಅಂದರೆ ಸರಾಸರಿಯಿಂದ ಎಷ್ಟು ಅತ್ತಿತ್ತ ಹರಡಿದೆ ಅನ್ನುವುದನ್ನೂ, ಗ್ರಾಫ್ ಹಾಕುತ್ತೇನೆ. ವಿಡಿಯೋದಿಂದ ಬಂದ ಡೇಟಾವನ್ನು ಏರುಪೇರು ಕಳೆದು ಜಾಸ್ತಿ ನಯ ಮಾಡಬೇಡಿ, ಬೇಕಾದ ಮಾಹಿತಿಯೇ ಅಳಿಸಿಹೋಗುತ್ತದೆ. ಇನ್ನೊಂದು, ನಕಲಿನ ನಿಯಮ ತೆಗೆದು, ಮೂರು ಮೀನಲ್ಲಿ ಎರಡು ಒಂದೇ ಕಡೆ ಇದ್ದರೆ ಮೂರನೆಯದೂ ಅತ್ತಲೇ ತಿರುಗಲಿ ಅಂತ ಬರೆದು ನೋಡಿ. ಆಗ ದೊಡ್ಡ ಗುಂಪಲ್ಲೂ ಒಗ್ಗಟ್ಟು ಉಳಿಯುತ್ತದೆ. 15ರ ಗುಂಪಿನಲ್ಲಿ ಬರೀ ಕಣ್ಣಿಗೆ ಈ ಎರಡೂ ನಿಯಮ ಒಂದೇ ಥರ ಕಾಣಬಹುದು, ಆದ್ದರಿಂದ ಒಂದೇ ಗಾತ್ರದ ಗುಂಪು ನೋಡಿ ನಿಯಮ ತೀರ್ಮಾನಿಸಬೇಡಿ.